ಕಾರ್ಡಿನಲ್ಲಿ ‘ಬ್ಲ್ಯಾಕ್ ಟೈ’ ಅಂತಿದೆ, ಏನು ಹಾಕಿಕೊಳ್ಳಬೇಕು? ಸಮಾರಂಭಕ್ಕೆ ತಕ್ಕ ಸೂಟ್ ಆರಿಸುವ ಬಗೆ

ಆಮಂತ್ರಣ ಪತ್ರಿಕೆಯ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಪದ ಇರುತ್ತವೆ: ಬ್ಲ್ಯಾಕ್ ಟೈ, ಲೌಂಜ್ ಸೂಟ್, ಕಾಕ್‌ಟೇಲ್, ಹೀಗೆ ಏನೋ ಒಂದು. ಬಹಳ ಜನ ಅದನ್ನು ಓದಿ ಮಡಚಿಟ್ಟುಬಿಡುತ್ತಾರೆ. ಸಮಾರಂಭಕ್ಕೆ ನಾಲ್ಕು ದಿನ ಇದೆ ಅನ್ನುವಾಗ ಅಂಗಡಿಗೆ ಓಡಿ, ಮೈಗೆ ಹಿಡಿಸಿದ ಮೊದಲ ಕಪ್ಪು ಸೂಟ್ ಕೊಂಡು ತರುತ್ತಾರೆ. ಅಲ್ಲಿಗೆ ಎರಡು ತಪ್ಪು ಒಟ್ಟಿಗೇ ಆದವು. ಬ್ಲ್ಯಾಕ್ ಟೈ ಎಂದರೆ ಕಪ್ಪು ಸೂಟಿನ ಮೇಲೆ ಕಪ್ಪು ಟೈ ಕಟ್ಟುವುದಲ್ಲ, ಅದು ಬೇರೆಯೇ ಉಡುಪು. ಇನ್ನು ನಾಲ್ಕು ದಿನದಲ್ಲಿ ತೋಳು, ಸೊಂಟ, ಪ್ಯಾಂಟಿನ ಉದ್ದ ಎಲ್ಲವನ್ನೂ ಸರಿಮಾಡಿಕೊಡುವಷ್ಟು ಪುರುಸೊತ್ತು ಒಳ್ಳೆಯ ದರ್ಜಿಗೆ ಇರುವುದಿಲ್ಲ.

ಸೂಟ್ ಆರಿಸುವಾಗ ಕ್ರಮ ಮುಖ್ಯ. ಮೊದಲು ಕಾರ್ಡ್ ಓದಬೇಕು. ಆಮೇಲೆ ಸಮಾರಂಭದ ಹೊತ್ತು ಮತ್ತು ಜಾಗ ನೋಡಬೇಕು. ಆಮೇಲೆ ಬಣ್ಣ, ಬಟ್ಟೆ. ಕೊನೆಗೆ ಅಳತೆ. ಕೊನೆಯದು ಅಂದ ಮಾತ್ರಕ್ಕೆ ಅಳತೆ ಚಿಕ್ಕ ವಿಷಯವಲ್ಲ. ಮೈಗೆ ಸರಿಯಾಗಿ ಕೂತ ಸಾಧಾರಣ ಬಟ್ಟೆಯ ಸೂಟಿನ ಮುಂದೆ, ಭುಜದಿಂದ ಜಾರುವ ದುಬಾರಿ ಸೂಟ್ ಸಪ್ಪೆಯಾಗಿ ಕಾಣುತ್ತದೆ. ದುಡ್ಡು ಸೀಮಿತವಾಗಿದ್ದರೆ ಬಟ್ಟೆಯಲ್ಲಿ ಉಳಿಸಿ, ಹೊಲಿಗೆಗೆ ಸುರಿಯಿರಿ.

ಮೊದಲು ಕಾರ್ಡ್ ಓದಿ

ವೈಟ್ ಟೈ ಎಲ್ಲಕ್ಕಿಂತ ಮೇಲಿನದು: ಹಿಂದೆ ಬಾಲದಂತೆ ಇಳಿಯುವ ಕಪ್ಪು ಟೇಲ್‌ಕೋಟ್, ಒಳಗೆ ತೋಳಿಲ್ಲದ ಗಿಡ್ಡ ಕೋಟಾದ ಬಿಳಿ ವೇಸ್ಟ್‌ಕೋಟ್, ಬಿಳಿ ಬೋ ಟೈ. ಪ್ರತಿ ಡಿಸೆಂಬರ್ 10ರಂದು ಸ್ಟಾಕ್‌ಹೋಮ್‌ನಲ್ಲಿ ನಡೆಯುವ ನೊಬೆಲ್ ಪ್ರಶಸ್ತಿ ಪ್ರದಾನಕ್ಕೆ ಇದೇ ನಿಯಮ. ಅಲ್ಲಿ ಅವರವರ ರಾಷ್ಟ್ರೀಯ ಉಡುಪಿಗೂ ಅವಕಾಶವಿದೆ. ನಮ್ಮಲ್ಲಿ ಇಂಥ ಕಾರ್ಡ್ ಬರುವುದು ಅಪರೂಪ. ಬಂದರೂ ಬಾಡಿಗೆಗೆ ತರುವುದೇ ಸರಿ. ಬ್ರಿಟನ್ನಿನ ಹಗಲು ಮದುವೆಗಳಲ್ಲಿ ಕಾಣುವ ‘ಮಾರ್ನಿಂಗ್ ಡ್ರೆಸ್’ಗೂ ಇದೇ ಮಾತು.

ಬ್ಲ್ಯಾಕ್ ಟೈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಜನ ಹೆಚ್ಚು ಎಡವುವುದು ಇಲ್ಲಿಯೇ. ಇದಕ್ಕೆ ಬೇಕಿರುವುದು ಡಿನ್ನರ್ ಜಾಕೆಟ್. ಅಮೆರಿಕದವರ ಬಾಯಲ್ಲಿ ಅದೇ ಟಕ್ಸಿಡೊ; ನ್ಯೂಯಾರ್ಕ್ ಬಳಿಯ ಟಕ್ಸಿಡೊ ಪಾರ್ಕ್ ಎಂಬ ಊರಿನಿಂದ ಬಂದ ಹೆಸರು. ಸಾಮಾನ್ಯ ಸೂಟಿಗೂ ಇದಕ್ಕೂ ಇರುವ ವ್ಯತ್ಯಾಸ ಲ್ಯಾಪೆಲ್‌ನಲ್ಲಿ, ಅಂದರೆ ಎದೆಯ ಮೇಲೆ ಮಡಚಿಕೊಂಡ ಪಟ್ಟಿಯಲ್ಲಿ ಕಾಣುತ್ತದೆ. ಡಿನ್ನರ್ ಜಾಕೆಟ್ಟಿನ ಲ್ಯಾಪೆಲ್‌ಗೆ ರೇಷ್ಮೆಯ ಸ್ಯಾಟಿನ್ ಅಥವಾ ಸಣ್ಣ ಗೀರಿನ ಗ್ರೋಗ್ರೇನ್ ಹೊದಿಸಿರುತ್ತಾರೆ. ಅದರ ತುದಿ ಮೇಲಕ್ಕೆ ಚೂಪಾಗಿರಬೇಕು, ಇಲ್ಲವೇ ಎಲ್ಲೂ ಕಚ್ಚಿಲ್ಲದೆ ಶಾಲಿನ ಅಂಚಿನಂತೆ ದುಂಡಗೆ ಇಳಿಯಬೇಕು. ಮುಂದೆ ಒಂದೇ ಗುಂಡಿ. ಪ್ಯಾಂಟಿನ ಹೊರಬದಿಯ ಹೊಲಿಗೆಯ ಉದ್ದಕ್ಕೂ ಅದೇ ರೇಷ್ಮೆಯ ಪಟ್ಟಿ ಇಳಿದಿರುತ್ತದೆ. ಸೊಂಟದಲ್ಲಿ ಬೆಲ್ಟ್ ಹಾಕುವ ಕುಣಿಕೆಗಳೇ ಇರುವುದಿಲ್ಲ, ಯಾಕೆಂದರೆ ಇದಕ್ಕೆ ಬೆಲ್ಟ್ ಕಟ್ಟುವ ಪದ್ಧತಿ ಇಲ್ಲ. ಬದಿಯ ಪಟ್ಟಿ ಎಳೆದು ಬಿಗಿ ಮಾಡಿಕೊಳ್ಳಬೇಕು, ಅಥವಾ ಭುಜದ ಮೇಲೆ ಹಾಯುವ ಬ್ರೇಸಸ್ ಹಾಕಬೇಕು.

ಸೊಂಟಕ್ಕೆ ಸುತ್ತುವ ನೆರಿಗೆಯ ರೇಷ್ಮೆ ಪಟ್ಟಿ ಕಮರ್‌ಬಂದ್. ಹೆಸರೇ ಹೇಳುವಂತೆ ಇದು ನಮ್ಮ ಕಡೆಯದು. ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಗಳು ಸೆಖೆಗೆ ವೇಸ್ಟ್‌ಕೋಟ್ ಬಿಟ್ಟು ಇದನ್ನು ಕಟ್ಟಿಕೊಂಡು, ಆಮೇಲೆ ತಮ್ಮ ಊರಿಗೂ ಒಯ್ದರು. ನೆರಿಗೆಗಳ ಬಾಯಿ ಮೇಲ್ಮುಖವಾಗಿರಬೇಕು. ಅಂಗಡಿಯ ಬೊಂಬೆಗೇ ತಲೆಕೆಳಗಾಗಿ ಕಟ್ಟಿರುವುದುಂಟು, ಅದನ್ನು ನೋಡಿ ಕಟ್ಟಿಕೊಳ್ಳಬೇಡಿ. ಕಮರ್‌ಬಂದ್, ವೇಸ್ಟ್‌ಕೋಟ್ ಎರಡರಲ್ಲಿ ಒಂದು ಸಾಕು. ಇದರೊಂದಿಗೆ ಎದೆಯ ಭಾಗ ದಪ್ಪ ನೇಯ್ಗೆಯದ್ದಾಗಿರುವ ಅಥವಾ ಸಣ್ಣ ನೆರಿಗೆ ಹಿಡಿದಿರುವ ಬಿಳಿ ಷರ್ಟು, ಎರಡು ಮಡಿಕೆಯ ಮುಂಗೈ ಪಟ್ಟಿ, ಅದಕ್ಕೆ ಕಫ್‌ಲಿಂಕ್, ಕಪ್ಪು ಬೋ ಟೈ, ಹೊಳೆಯುವಂತೆ ಪಾಲಿಶ್ ಮಾಡಿದ ಕಪ್ಪು ಲೇಸ್ ಷೂ. ಬಣ್ಣ ಕಪ್ಪೇ ಆಗಬೇಕಿಲ್ಲ. ಮಿಡ್‌ನೈಟ್ ಬ್ಲೂ ಎನ್ನುವ ಅತಿ ಗಾಢ ನೀಲಿಯೂ ಒಪ್ಪಿತ. ರಾತ್ರಿಯ ಹಳದಿ ದೀಪದಲ್ಲಿ ಕಪ್ಪು ಬಟ್ಟೆ ಕೊಂಚ ಮಾಸಿದಂತೆ ಕಂಡರೆ, ಈ ನೀಲಿ ಅಪ್ಪಟ ಕಪ್ಪಾಗಿ ಕಾಣುತ್ತದೆ.

‘ಬ್ಲ್ಯಾಕ್ ಟೈ ಆಪ್ಷನಲ್’ ಎಂದಿದ್ದರೆ ಆತಿಥೇಯರು ದಾರಿ ಬಿಟ್ಟುಕೊಟ್ಟಿದ್ದಾರೆ ಎಂದರ್ಥ. ಡಿನ್ನರ್ ಜಾಕೆಟ್ ಇದ್ದರೆ ಹಾಕಿ. ಇಲ್ಲದಿದ್ದರೆ ಗಾಢ ಬಣ್ಣದ ಸೂಟ್, ಬಿಳಿ ಷರ್ಟು, ಗಾಢ ಬಣ್ಣದ ಉದ್ದ ಟೈ ಸಾಕು. ಇವೆರಡನ್ನೂ ಅರ್ಧರ್ಧ ಬೆರೆಸಿ, ಸಾಮಾನ್ಯ ಸೂಟಿನ ಮೇಲೆ ಬೋ ಟೈ ಕಟ್ಟಿಕೊಂಡು ಹೋಗಬೇಡಿ. ಅದು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಲೌಂಜ್ ಸೂಟ್ ಎಂಬ ಹೆಸರು ಕೇಳಿ ಏನೋ ಸಡಿಲ ಉಡುಪು ಎಂದುಕೊಳ್ಳುವವರಿದ್ದಾರೆ. ಅದು ನಾವೆಲ್ಲ ಸೂಟ್ ಎಂದು ಕರೆಯುವುದೇ: ಒಂದೇ ಬಟ್ಟೆಯ ಕೋಟು ಪ್ಯಾಂಟು, ಷರ್ಟು, ಟೈ. ಬರಿಯ ‘ಫಾರ್ಮಲ್’ ಅಥವಾ ‘ಬಿಸಿನೆಸ್ ಫಾರ್ಮಲ್’ ಎಂದಿದ್ದರೂ ನಮ್ಮಲ್ಲಿ ಇದೇ ಅರ್ಥ. ಕಾಕ್‌ಟೇಲ್ ಎಂದರೆ ಸೂಟ್ ಇರಲಿ, ಬಣ್ಣ ಮತ್ತು ಟೈ ವಿಷಯದಲ್ಲಿ ಸ್ವಲ್ಪ ಸ್ವಾತಂತ್ರ್ಯ ತೆಗೆದುಕೊಳ್ಳಿ ಎಂದು. ಸ್ಮಾರ್ಟ್ ಕ್ಯಾಶುವಲ್‌ಗೆ ಬ್ಲೇಜರ್ ಮತ್ತು ಬೇರೆ ಬಣ್ಣದ ಪ್ಯಾಂಟ್ ಸಾಕು.

ಸರ್ಕಾರಿ ಮತ್ತು ರಾಯಭಾರ ಕಚೇರಿಯ ಕಾರ್ಡುಗಳಲ್ಲಿ ‘ಲೌಂಜ್ ಸೂಟ್ ಅಥವಾ ನ್ಯಾಷನಲ್ ಡ್ರೆಸ್’ ಎಂದಿರುತ್ತದೆ. ಈ ‘ಅಥವಾ’ ನಮಗೆ ದೊಡ್ಡ ಅನುಕೂಲ. ಬಂದ್‌ಗಲಾ, ಅಂದರೆ ಜೋಧ್‌ಪುರಿ ಕೋಟು ಇಲ್ಲಿ ಯಾವ ಸೂಟಿಗೂ ಕಡಿಮೆಯಲ್ಲ. ಕೊರಳವರೆಗೆ ಗುಂಡಿ ಹಾಕುವ ಕೋಟು ಕನ್ನಡಿಗರಿಗೆ ಹೊಸದೂ ಅಲ್ಲ. ಮೈಸೂರು ಸಂಸ್ಥಾನದ ದರ್ಬಾರಿನ ಉಡುಪೇ ಮುಚ್ಚು ಕೊರಳಿನ ಉದ್ದ ಕೋಟು ಮತ್ತು ಜರಿ ಪೇಟ. ಬಂದ್‌ಗಲಾ ಹೊಲಿಸುವಾಗ ಪರೀಕ್ಷೆ ಇರುವುದು ಕಾಲರಿನಲ್ಲಿ. ಕೊಕ್ಕೆ ಹಾಕಿದ ಮೇಲೆ ಕತ್ತು ಮತ್ತು ಕಾಲರಿನ ನಡುವೆ ಒಂದು ಬೆರಳು ಸಲೀಸಾಗಿ ಹೋಗಬೇಕು. ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿದರೆ ಕಾಲರ್ ಗಂಟಲು ಒತ್ತಬಾರದು. ಒಳಗೆ ಕಾಲರ್ ಮಡಚುವ ಸಾಮಾನ್ಯ ಷರ್ಟು ಹಾಕಿದರೆ ಕತ್ತಿನ ಸುತ್ತ ಉಬ್ಬು ಬರುತ್ತದೆ, ಆದ್ದರಿಂದ ಪಟ್ಟಿ ಕಾಲರಿನ ತೆಳು ಷರ್ಟನ್ನೇ ಜತೆಗೆ ಹೊಲಿಸಿಕೊಳ್ಳಿ. ಟೈಯ ರಗಳೆಯೇ ಇಲ್ಲ. ವಿದೇಶದಲ್ಲಿ ಬ್ಲ್ಯಾಕ್ ಟೈ ಮದುವೆಗೆ ಕರೆ ಬಂದ ಕನ್ನಡಿಗರು ಕಪ್ಪು ಬಂದ್‌ಗಲಾ ಹಾಕಬಹುದೇ ಎಂದು ಆತಿಥೇಯರನ್ನು ಒಂದು ಮಾತು ಕೇಳಿದರೆ, ಒಪ್ಪದವರು ಬಹಳ ಕಡಿಮೆ.

ಕಾರ್ಡಿನಲ್ಲಿ ಏನೂ ಇಲ್ಲದಿದ್ದರೆ

ನಮ್ಮ ಮದುವೆ ಪತ್ರಿಕೆಗಳಲ್ಲಿ ಉಡುಪಿನ ಮಾತೇ ಇರುವುದಿಲ್ಲ. ಆಗ ಹೊತ್ತನ್ನು ನೋಡಿ. ಬೆಳಗಿನ ಮುಹೂರ್ತಕ್ಕೆ ಸೂಟ್ ಬೇಡ. ಗಂಡಿನ ಮೈಮೇಲೆ ಪಂಚೆ ಶಲ್ಯ ಇರುತ್ತದೆ, ಮಂಟಪದ ಬಳಿ ಚಪ್ಪಲಿ ಬಿಡಬೇಕು, ಅಕ್ಷತೆ ಹಾಕಬೇಕು, ಪಂಕ್ತಿಯಲ್ಲಿ ಕೂತು ಎಲೆಯ ಮೇಲೆ ಊಟ ಮಾಡಬೇಕು. ಕೋಟಿನ ತೋಳು ಸಾರಿಗೆ ತಾಗುತ್ತದೆ. ಪಂಚೆ ಅಥವಾ ಪ್ಯಾಂಟು, ಮೇಲೆ ರೇಷ್ಮೆ ಷರ್ಟು ಅಥವಾ ಜುಬ್ಬಾ ಆ ಹೊತ್ತಿಗೆ ಒಪ್ಪುತ್ತದೆ. ಸಂಜೆಯ ಆರತಕ್ಷತೆ ಸೂಟಿನ ಜಾಗ. ಅಲ್ಲಿಯೂ ಒಂದು ಎಚ್ಚರ ಬೇಕು: ವರ ಸೂಟ್ ಹಾಕುವ ಸಂಭವ ಹೆಚ್ಚು. ಅತಿಥಿಯಾದವರು ಅವನಿಗಿಂತ ಒಂದು ಮೆಟ್ಟಿಲು ಕೆಳಗಿರುವುದು ಮರ್ಯಾದೆ. ಹೊಳೆಯುವ ಲ್ಯಾಪೆಲ್, ಮಿನುಗುವ ಬಟ್ಟೆ, ವೆಲ್ವೆಟ್ ಇವೆಲ್ಲ ಅವನಿಗಿರಲಿ.

ಮಂಗಳೂರು ಕಡೆಯ ಕ್ರೈಸ್ತ ಮದುವೆಗಳಲ್ಲಿ ಈ ಲೆಕ್ಕ ಬೇರೆ. ಇಗರ್ಜಿಯಲ್ಲಿ ವರ ಮತ್ತು ಬೆಸ್ಟ್‌ಮನ್ ಸೂಟಿನಲ್ಲೇ ಇರುತ್ತಾರೆ, ಅತಿಥಿಗಳಲ್ಲೂ ಸೂಟಿನವರು ಅನೇಕ. ಅಲ್ಲಿನ ತೊಂದರೆ ಸೆಖೆ. ಕಡಲ ಕಡೆಯ ಮೇ ತಿಂಗಳಲ್ಲಿ ದಪ್ಪ ಬಟ್ಟೆಯ ಮೂರು ತುಂಡಿನ ಸೂಟ್ ಹಾಕಿದರೆ ಆಶೀರ್ವಾದ ಮುಗಿಯುವ ಮೊದಲೇ ಬೆನ್ನು ಒದ್ದೆ. ಕೊಡಗಿನ ಮದುವೆಯಲ್ಲಿ ಕೊಡವರಿಗೆ ಅವರದೇ ಕುಪ್ಯ ಚೇಲೆ, ಅಂದರೆ ಉದ್ದ ಕೋಟು ಮತ್ತು ಸೊಂಟಕ್ಕೆ ಸುತ್ತುವ ಪಟ್ಟಿ ಇದೆ. ಹೊರಗಿನ ಅತಿಥಿಗಳು ಸೂಟ್ ಹಾಕಿದರೆ ಸರಿಹೋಗುತ್ತದೆ.

ಸಂದೇಹ ಉಳಿದರೆ ಕರೆದವರನ್ನೇ ಫೋನ್ ಮಾಡಿ ಕೇಳಿ: ‘ಎಲ್ಲರೂ ಟೈ ಕಟ್ಟಿ ಬರ್ತಾರಾ?’ ಇಷ್ಟು ಕೇಳಿದರೆ ಸಾಕು, ಉತ್ತರದಲ್ಲಿ ಎಲ್ಲ ಗೊತ್ತಾಗುತ್ತದೆ. ಹಳೆಯ ಕ್ಲಬ್ಬುಗಳಲ್ಲಿ ಸಮಾರಂಭ ಇದ್ದರೆ ಕ್ಲಬ್ಬಿನ ಕಚೇರಿಗೂ ಕೇಳಿ. ಅಲ್ಲಿ ನಿಯಮ ಆತಿಥೇಯರದ್ದಲ್ಲ, ಕ್ಲಬ್ಬಿನದ್ದು. ಬಾಗಿಲಲ್ಲಿ ತಡೆದರೆ ಅವರೂ ಏನೂ ಮಾಡಲಾರರು.

ಬಣ್ಣ ಮತ್ತು ಬಟ್ಟೆ

ಒಂದೇ ಸೂಟ್ ಇಟ್ಟುಕೊಳ್ಳುವುದಾದರೆ ಗಾಢ ನೀಲಿ, ನೇವಿ. ಎರಡನೆಯದು ಇದ್ದಿಲ ಬಣ್ಣದ ಚಾರ್ಕೋಲ್ ಬೂದು. ನಮ್ಮ ಮೈಬಣ್ಣದ ಎಲ್ಲ ಛಾಯೆಗಳಿಗೂ ಇವೆರಡೂ ಹೊಂದುತ್ತವೆ, ಹಗಲು ರಾತ್ರಿ ಎರಡಕ್ಕೂ ಆಗುತ್ತವೆ, ಸಂದರ್ಶನದಿಂದ ಆರತಕ್ಷತೆಯವರೆಗೆ ನಡೆಯುತ್ತವೆ. ಮೊದಲ ಸೂಟೇ ಕಪ್ಪಿನದ್ದಾಗುವುದು ಬೇಡ. ಹಗಲು ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಧೂಳು, ಕೂದಲು, ಇಸ್ತ್ರಿಯ ಹೊಳಪು ಎಲ್ಲವೂ ಎದ್ದು ಕಾಣುತ್ತವೆ. ಹೋಟೆಲಿನ ಸಿಬ್ಬಂದಿಯ ಸಮವಸ್ತ್ರವೂ ಅನೇಕ ಕಡೆ ಕಪ್ಪು ಸೂಟೇ ಆಗಿರುತ್ತದೆ. ವಕೀಲರು ಕೋರ್ಟಿನ ಕಪ್ಪು ಕೋಟನ್ನೇ ಸಮಾರಂಭಕ್ಕೂ ಹಾಕಿಕೊಂಡು ಹೋಗುವುದುಂಟು. ದಿನವೂ ತಿಕ್ಕಿ ಮೊಣಕೈ ಹೊಳೆಯುತ್ತಿರುವ ಆ ಕೋಟು ಬೇರೆ ಪ್ಯಾಂಟಿನ ಜತೆ ಸೂಟ್ ಆಗುವುದಿಲ್ಲ.

ವಿನ್ಯಾಸ: ಒಂದೇ ಸಾಲಿನ ಎರಡು ಗುಂಡಿ, ಕಚ್ಚಿರುವ ಸಾಮಾನ್ಯ ಲ್ಯಾಪೆಲ್, ಅದರ ಅಗಲ ಸುಮಾರು 3ರಿಂದ 3.5 ಇಂಚು. ಹಿಂದೆ ಒಂದು ಅಥವಾ ಎರಡು ಸೀಳು. ತೀರ ಕಿರಿದಾದ ಲ್ಯಾಪೆಲ್ ಎದೆಯನ್ನು ಅಗಲವಾಗಿ, ಹೊಟ್ಟೆಯನ್ನು ಇನ್ನೂ ಅಗಲವಾಗಿ ತೋರಿಸುತ್ತದೆ.

ಬಟ್ಟೆಯಲ್ಲಿ ಮೂರು ಬಗೆ ಸಿಗುತ್ತವೆ. ಪಾಲಿಯೆಸ್ಟರ್ ವಿಸ್ಕೋಸ್ ಅಗ್ಗ, ಸುಕ್ಕು ಕಡಿಮೆ, ಆದರೆ ಗಾಳಿ ಆಡುವುದಿಲ್ಲ, ಫೋಟೋದ ಫ್ಲ್ಯಾಶ್ ಬಿದ್ದರೆ ಹೊಳೆಯುತ್ತದೆ. ಪಾಲಿಯೆಸ್ಟರ್ ಮತ್ತು ಉಣ್ಣೆ ಬೆರೆತ ಟೆರಿವುಲ್ ನಡುವಿನದು, ಉಣ್ಣೆಯ ಪಾಲು ಹೆಚ್ಚಿದಷ್ಟೂ ಒಳ್ಳೆಯದು. ಪೂರ್ತಿ ಉಣ್ಣೆ ಎಲ್ಲಕ್ಕಿಂತ ಮೇಲು. ಉಣ್ಣೆ ಎಂದರೆ ಚಳಿಯದು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಸೂಟಿಗೆ ಬಳಸುವ ವರ್ಸ್ಟೆಡ್ ಉಣ್ಣೆ ಬಿಗಿಯಾಗಿ ಹುರಿಗೊಳಿಸಿದ ನೂಲಿನದು; ಬೆವರನ್ನು ಹೀರಿ ಹೊರಬಿಡುತ್ತದೆ, ರಾತ್ರಿ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಸಣ್ಣ ಸುಕ್ಕು ತಾನೇ ಬಿಡುತ್ತದೆ. ನಮ್ಮ ಹವೆಗೆ ಒಂದು ಮೀಟರ್ ತುಂಡು 240ರಿಂದ 270 ಗ್ರಾಂ ತೂಗುವ ಬಟ್ಟೆ ಕೇಳಿ. ದೆಹಲಿಯ ಜನವರಿಗೆ, ಯುರೋಪಿಗೆ ಆದರೆ 300 ಗ್ರಾಂ ಮೇಲಿನದು. ಅಂಚಿನಲ್ಲಿ ನೇಯ್ದಿರುವ ‘ಸೂಪರ್ 100’, ‘ಸೂಪರ್ 120’ ಎಂಬ ಅಂಕಿ ಎಳೆಯ ನವಿರನ್ನು ಹೇಳುತ್ತದೆ, ತೂಕವನ್ನಲ್ಲ. 100ರಿಂದ 120ರ ನಡುವೆ ನಿಲ್ಲಿ. 150 ದಾಟಿದ ಬಟ್ಟೆ ಬೆಣ್ಣೆಯಂತಿರುತ್ತದೆ, ಕೂತೆದ್ದರೆ ಸುಕ್ಕಾಗುತ್ತದೆ, ತೊಡೆಯ ಒಳಬದಿಯಲ್ಲಿ ಬೇಗ ಸವೆಯುತ್ತದೆ.

58 ಇಂಚು ಪನ್ನದ ಬಟ್ಟೆಯಾದರೆ ಕೋಟು ಪ್ಯಾಂಟಿಗೆ 3 ಮೀಟರ್ ಸಾಕು. ವೇಸ್ಟ್‌ಕೋಟ್ ಸೇರಿದರೆ ಮೂರೂವರೆ ಮೀಟರ್ ತೆಗೆದುಕೊಳ್ಳಿ. ಎತ್ತರದ ಆಳು, ದಪ್ಪ ಮೈ, ಚೌಕುಳಿ ವಿನ್ಯಾಸ ಇವುಗಳಲ್ಲಿ ಯಾವುದಿದ್ದರೂ ಕೊಳ್ಳುವ ಮೊದಲೇ ದರ್ಜಿಯನ್ನು ಕೇಳಿ, ಚೌಕುಳಿ ಗೆರೆ ಕೂಡಿಸಲು ಹೆಚ್ಚು ಬಟ್ಟೆ ಬೇಕಾಗುತ್ತದೆ. ಪ್ಯಾಂಟು ಕೋಟಿಗಿಂತ ಮೊದಲು ಹಾಳಾಗುವುದರಿಂದ, ಆಗುವಂತಿದ್ದರೆ ಅದೇ ಥಾನಿನಿಂದ ಇನ್ನೊಂದು ಪ್ಯಾಂಟಿಗೂ ಈಗಲೇ ಬಟ್ಟೆ ಕತ್ತರಿಸಿಕೊಳ್ಳಿ. ಆರು ತಿಂಗಳ ಮೇಲೆ ಹೋದರೆ ಅದೇ ಬಣ್ಣ ಸಿಗುವುದಿಲ್ಲ.

ಹೊಲಿಸುವುದೋ, ಸಿದ್ಧ ಉಡುಪೋ, ಬಾಡಿಗೆಯೋ

ಹೊಲಿಸುವುದಾದರೆ ಆರರಿಂದ ಎಂಟು ವಾರ ಕೈಯಲ್ಲಿರಲಿ, ಎರಡು ಟ್ರಯಲ್ ಆಗಬೇಕು. ಮೊದಲ ಟ್ರಯಲ್ ಬಿಳಿ ದಾರದ ಕಚ್ಚಾ ಹೊಲಿಗೆಯಲ್ಲೇ ಆಗಲಿ, ಏಕೆಂದರೆ ಭುಜ ಸರಿಪಡಿಸಲು ಆಗ ಮಾತ್ರ ಸಾಧ್ಯ. ಪಂಚಾಂಗ ನೋಡಿ ಹೊಲಿಸುವುದೂ ಜಾಣತನ: ಆಷಾಢದಲ್ಲಿ ಮದುವೆಗಳಿಲ್ಲ, ದರ್ಜಿಯ ಕೈ ಖಾಲಿ, ಬಟ್ಟೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿಯೂ ಇರುತ್ತದೆ. ಕಾರ್ತಿಕದ ಮದುವೆಗೆ ಬೇಕಾದ ಸೂಟನ್ನು ಆಗಲೇ ಅಳತೆಗೆ ಕೊಡಿ. ಏಪ್ರಿಲ್, ಮೇಯಲ್ಲಿ ಕೊಟ್ಟರೆ ಟ್ರಯಲ್ ಒಂದಕ್ಕೇ ಮುಗಿಯುತ್ತದೆ, ಕೆಲಸವೂ ಅವಸರದ್ದಾಗುತ್ತದೆ.

ಸಿದ್ಧ ಉಡುಪಿಗೆ ಮೂರು ವಾರ ಮೊದಲು ಹೋಗಿ. ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ಜೋಡಿಯಾಗಿ ಮಾರುವ ಸೂಟಿನಲ್ಲಿ ಕೋಟಿನ ಎದೆಯ ಅಳತೆಗಿಂತ ಪ್ಯಾಂಟಿನ ಸೊಂಟ ಸಾಮಾನ್ಯವಾಗಿ 6 ಇಂಚು ಕಡಿಮೆ ಇರುತ್ತದೆ: 40ರ ಕೋಟಿಗೆ 34ರ ಪ್ಯಾಂಟು. ಮಧ್ಯವಯಸ್ಸು ದಾಟಿ ಹೊಟ್ಟೆ ಬಂದವರಿಗೆ 40ರ ಎದೆಗೆ 37, 38ರ ಸೊಂಟವಿರುತ್ತದೆ. ಅವರು ಪ್ಯಾಂಟಿಗೆ ಸರಿಹೋಗಲಿ ಎಂದು 44ರ ಕೋಟು ಕೊಂಡರೆ ಭುಜ ಇಳಿಬೀಳುತ್ತದೆ. ಕೋಟು, ಪ್ಯಾಂಟು ಬೇರೆ ಬೇರೆ ಅಳತೆಯಲ್ಲಿ ಕೊಡುವ ಅಂಗಡಿ ಹುಡುಕಿ, ಇಲ್ಲವಾದರೆ ಹೊಲಿಸಿ.

ಕೊಳ್ಳುವ ಮುನ್ನ ಕೋಟಿನ ಕೆಳಗಿನ ಗುಂಡಿಯ ಹತ್ತಿರ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ, ಹೊರಬಟ್ಟೆಯನ್ನೂ ಒಳಗಿನ ಲೈನಿಂಗನ್ನೂ ಮೆಲ್ಲಗೆ ಬೇರೆ ಮಾಡಿ ನೋಡಿ. ನಡುವೆ ಮೂರನೆಯ ಪದರವೊಂದು ಬೆರಳಿಗೆ ಸಡಿಲವಾಗಿ ಜಾರಿದರೆ ಅದು ಕ್ಯಾನ್ವಾಸ್ ಹಾಕಿ ಹೊಲಿದ ಕೋಟು. ಹೊರಬಟ್ಟೆಯೇ ರಟ್ಟಿನಂತೆ ಬಿರುಸಾಗಿ, ಮೂರನೆಯ ಪದರ ಸಿಗದಿದ್ದರೆ ಗೋಂದಿನಿಂದ ಅಂಟಿಸಿದ ಫ್ಯೂಸಿಂಗ್. ಫ್ಯೂಸಿಂಗ್ ಕೆಟ್ಟದ್ದೇನಲ್ಲ, ಹೆಚ್ಚಿನ ಸೂಟ್‌ಗಳು ಹಾಗೆಯೇ ಬರುತ್ತವೆ. ಆದರೆ ಪದೇ ಪದೇ ಡ್ರೈಕ್ಲೀನ್ ಮಾಡಿಸಿದರೆ, ಬಿಸಿ ಇಸ್ತ್ರಿ ತಾಗಿದರೆ ಗೋಂದು ಬಿಟ್ಟು ಎದೆಯ ಮೇಲೆ ಹಪ್ಪಳದ ಹಾಗೆ ಗುಳ್ಳೆ ಏಳುತ್ತದೆ. ಎದ್ದ ಗುಳ್ಳೆ ಮತ್ತೆ ಕೂರುವುದಿಲ್ಲ.

ಡಿನ್ನರ್ ಜಾಕೆಟ್ ವರ್ಷಕ್ಕೊಮ್ಮೆಯೂ ಬೇಕಾಗದವರು ಬಾಡಿಗೆಗೆ ತನ್ನಿ. ಹತ್ತು ದಿನ ಮೊದಲು ಹೋಗಿ ಹಾಕಿ ನೋಡಿ ಕಾದಿರಿಸಿ, ಎರಡು ದಿನ ಮೊದಲು ತಂದು ಮತ್ತೊಮ್ಮೆ ಹಾಕಿ ನೋಡಿ. ಕಂಕುಳ ಬಳಿ ಮೂಸಿ ನೋಡಲು ಸಂಕೋಚ ಬೇಡ. ಸ್ಯಾಟಿನ್ ಲ್ಯಾಪೆಲ್ ಮೇಲೆ ಎಣ್ಣೆಯ ಕಲೆ, ಎಳೆ ಎದ್ದ ಗೀರು ಇದ್ದರೆ ಅಲ್ಲಿಯೇ ತೋರಿಸಿ, ರಸೀದಿಯಲ್ಲಿ ಬರೆಸಿ. ಇಲ್ಲವಾದರೆ ಮುಂಗಡ ಹಣ ಹಿಂತಿರುಗುವಾಗ ಅದು ನಿಮ್ಮ ಕಲೆಯಾಗುತ್ತದೆ. ಷರ್ಟು ಮಾತ್ರ ಸ್ವಂತದ್ದೇ ಇರಲಿ.

ಕನ್ನಡಿ ಮುಂದೆ

ಟ್ರಯಲ್‌ಗೆ ಹೋಗುವಾಗ ಸಮಾರಂಭಕ್ಕೆ ಹಾಕುವ ಷರ್ಟು, ಷೂ ಎರಡನ್ನೂ ಒಯ್ಯಿರಿ. ಚಪ್ಪಲಿಯಲ್ಲಿ ನಿಂತು ಪ್ಯಾಂಟಿನ ಉದ್ದ ಗುರುತು ಮಾಡಿಸಿದರೆ ಷೂ ಹಾಕಿದ ದಿನ ಮುಕ್ಕಾಲು ಇಂಚು ಗಿಡ್ಡವಾಗಿರುತ್ತದೆ. ಜೇಬಿನಿಂದ ಫೋನ್, ಪರ್ಸ್ ತೆಗೆದಿಡಿ.

ಭುಜದಿಂದ ಶುರು ಮಾಡಿ, ಯಾಕೆಂದರೆ ಸಿದ್ಧ ಕೋಟಿನಲ್ಲಿ ಸರಿಪಡಿಸಲು ಆಗದ ಭಾಗ ಅದು. ತೋಳು ಕೂಡಿಸಿದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲಿಯೇ ಇರಬೇಕು. ಗೋಡೆಗೆ ಪಕ್ಕವಾಗಿ ನಿಂತು ಮೆಲ್ಲಗೆ ವಾಲಿ ನೋಡಿ: ತೋಳಿಗಿಂತ ಮೊದಲು ಭುಜದ ಪ್ಯಾಡ್ ಗೋಡೆಗೆ ತಾಗಿದರೆ ಕೋಟು ದೊಡ್ಡದು. ಪ್ಯಾಡಿನ ಕೆಳಗೆ ತೋಳಿನಲ್ಲಿ ಗುಳಿ ಬಿದ್ದರೂ ದೊಡ್ಡದೇ.

ಆಮೇಲೆ ಬೆನ್ನ ಕಡೆಯ ಕಾಲರ್. ಜತೆಗೆ ಬಂದವರಿಗೆ ಹಿಂದಿನಿಂದ ನೋಡಲು ಹೇಳಿ. ಕೋಟಿನ ಕಾಲರ್ ಷರ್ಟಿನ ಕಾಲರಿಗೆ ಅಂಟಿಕೊಂಡಿರಬೇಕು, ಷರ್ಟಿನದು ಅರ್ಧ ಇಂಚು ಮೇಲೆ ಕಾಣಬೇಕು. ನಡುವೆ ಸಂದು ಬಿಟ್ಟುಕೊಂಡಿದ್ದರೆ ಆ ಕೋಟಿನ ಸಮತೋಲನ ನಿಮ್ಮ ಬೆನ್ನಿಗೆ ಹೊಂದುವುದಿಲ್ಲ. ಹಿಂದಿನಿಂದ ಕಾಣುವುದನ್ನು ನಾವು ನೋಡಿಕೊಳ್ಳುವುದಿಲ್ಲ, ಉಳಿದವರೆಲ್ಲ ನೋಡುತ್ತಾರೆ.

ಮೇಲಿನ ಗುಂಡಿ ಹಾಕಿ. ಗುಂಡಿಯ ಸುತ್ತ ನಾಲ್ಕೂ ದಿಕ್ಕಿಗೆ ಗೆರೆ ಎಳೆದುಕೊಂಡರೆ ಬಿಗಿ. ಷರ್ಟು ಮತ್ತು ಕೋಟಿನ ನಡುವೆ ಮುಷ್ಟಿ ಹೋದರೂ ಇನ್ನೂ ಜಾಗ ಉಳಿದರೆ ಸಡಿಲ. ಕೆಳಗಿನ ಗುಂಡಿಯನ್ನು ಯಾವಾಗಲೂ ಬಿಟ್ಟಿರಬೇಕು, ಕೋಟನ್ನು ಕತ್ತರಿಸುವುದೇ ಆ ಲೆಕ್ಕದಲ್ಲಿ. ಕೋಟಿನ ಉದ್ದ ಹಿಂಭಾಗವನ್ನು ಪೂರ್ತಿ ಮುಚ್ಚಬೇಕು. ತೋಳು ಮಣಿಕಟ್ಟಿನ ಮೂಳೆಗೆ ನಿಲ್ಲಬೇಕು, ಅದರ ಕೆಳಗೆ ಷರ್ಟಿನ ಪಟ್ಟಿ ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಕಾಣಬೇಕು. ತೋಳಿನ ತುದಿಯಲ್ಲಿ ಗುಂಡಿಗಳಿಗೆ ನಿಜವಾದ ಕಾಜ ಬಿಡಿಸುವುದಾದರೆ, ಉದ್ದ ಸರಿಯಾಯಿತೆಂದು ಖಚಿತವಾದ ಮೇಲೆಯೇ ಬಿಡಿಸಿ. ಕಾಜ ಕತ್ತರಿಸಿದ ಮೇಲೆ ತೋಳನ್ನು ಭುಜದ ಕಡೆಯಿಂದಲೇ ಗಿಡ್ಡ ಮಾಡಬೇಕು, ಅದು ದೊಡ್ಡ ಕೆಲಸ.

ಪ್ಯಾಂಟಿನ ವಿಷಯದಲ್ಲಿ ನಮ್ಮವರ ಅಭ್ಯಾಸವೊಂದು ಅಡ್ಡ ಬರುತ್ತದೆ. ಜೀನ್ಸ್ ಹಾಕಿದಂತೆ ಹೊಟ್ಟೆಯ ಕೆಳಗೆ ಇಳಿಸಿ ಹಾಕಿದರೆ, ಕೋಟಿನ ಗುಂಡಿ ಮತ್ತು ಬೆಲ್ಟಿನ ನಡುವೆ ಷರ್ಟಿನ ಬಿಳಿ ತ್ರಿಕೋನ ಇಣುಕುತ್ತದೆ, ಟೈಯ ತುದಿ ಬಕಲ್ ಮುಟ್ಟದೆ ಮೇಲೆಯೇ ನಿಲ್ಲುತ್ತದೆ. ಸೂಟಿನ ಪ್ಯಾಂಟು ಹೊಕ್ಕುಳಿಗಿಂತ ಒಂದೆರಡು ಇಂಚು ಕೆಳಗೆ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬಾಟಮ್ ಷೂವಿನ ಮೇಲೆ ಒಂದು ಸಣ್ಣ ಮಡಿಕೆಯಾಗಿ ನಿಂತರೆ ಸಾಕು. ಹೊಲಿಸುವವರು ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಮಾರ್ಜಿನ್ ಬಿಡಲು ಹೇಳಿ. ಮೈ ಬಂದಾಗ ಅದೇ ಕಾಪಾಡುತ್ತದೆ.

ಇಷ್ಟಾದ ಮೇಲೆ ಕನ್ನಡಿ ಬಿಟ್ಟು ಅಲುಗಾಡಿ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ. ಬೆನ್ನು ಹಿಡಿದರೆ ಬಗಲು ಬಿಗಿಯಾಗಿದೆ. ಕುರ್ಚಿಯಲ್ಲಿ ಕೂತು ನೋಡಿ. ಹಿರಿಯರ ಕಾಲು ಮುಟ್ಟುವಂತೆ ಪೂರ್ತಿ ಬಗ್ಗಿ ನೋಡಿ. ವೇದಿಕೆಯ ಮೇಲೆ ಪ್ಯಾಂಟಿನ ಹಿಂದಿನ ಹೊಲಿಗೆ ಬಿಡುವುದು ಈ ಒಂದು ಕ್ಷಣದಲ್ಲಿ.

ಷರ್ಟು, ಟೈ, ಷೂ

ಬಿಳಿ ಹತ್ತಿಯ ಷರ್ಟು ಎಲ್ಲಕ್ಕೂ ಆಗುತ್ತದೆ. ತಿಳಿ ನೀಲಿ ಹಗಲಿಗೆ ಚೆನ್ನ. ಮೇಲಿನ ಗುಂಡಿ ಹಾಕಿದಾಗ ಕಾಲರಿನಲ್ಲಿ ಎರಡು ಬೆರಳು ಹೋಗಬೇಕು. ಟೈಯ ಅಗಲ ಲ್ಯಾಪೆಲ್ ಅಗಲಕ್ಕೆ ಹತ್ತಿರವಿರಲಿ, ತುದಿ ಬೆಲ್ಟಿನ ಬಕಲ್ ಮಧ್ಯಕ್ಕೆ ಬರಲಿ. ಬಣ್ಣ ಷರ್ಟಿಗಿಂತ ಗಾಢ. ಟೈ ಮತ್ತು ಜೇಬಿನ ಕರವಸ್ತ್ರ ಒಂದೇ ಬಟ್ಟೆಯದಾಗಿ ಡಬ್ಬಿಯಲ್ಲಿ ಬರುವ ಜೋಡಿ ಬೇಡ. ಬರಿಯ ಬಿಳಿ ಹತ್ತಿ ಕರವಸ್ತ್ರವನ್ನು ಅರ್ಧ ಇಂಚು ಕಾಣುವಂತೆ ನೇರವಾಗಿ ಮಡಚಿಟ್ಟರೆ ಅದಕ್ಕಿಂತ ಅಂದ.

ನೇವಿ, ಚಾರ್ಕೋಲ್ ಎರಡಕ್ಕೂ ಕಪ್ಪು ಷೂ ಸರಿ. ಹಗಲಿನ ನೇವಿಗೆ ಗಾಢ ಕಂದು ಕೂಡ. ಬೆಲ್ಟ್ ಷೂವಿನ ಬಣ್ಣದ್ದೇ. ಕಲ್ಯಾಣ ಮಂಟಪದಲ್ಲಿ ವೇದಿಕೆ ಹತ್ತುವಾಗ ಷೂ ಬಿಡುವ ಸಂಭವವಿದ್ದರೆ ಲೇಸಿಲ್ಲದ ಸಾದಾ ಕಪ್ಪು ಲೋಫರ್ ಅನುಕೂಲ, ಕಾಲುಚೀಲವೂ ಹೊಸದಿರಲಿ. ಚೀಲ ಮೊಣಕಾಲ ಹತ್ತಿರದವರೆಗೆ ಇದ್ದರೆ ಕಾಲ ಮೇಲೆ ಕಾಲು ಹಾಕಿ ಕೂತಾಗ ಚರ್ಮ ಕಾಣುವುದಿಲ್ಲ.

ಹಿಂದಿನ ದಿನ ಮತ್ತು ಆಮೇಲೆ

ಹೊಸ ಕೋಟಿನ ಹಿಂದಿನ ಸೀಳನ್ನು ಗುಣಾಕಾರ ಚಿಹ್ನೆಯ ಹಾಗೆ ದಪ್ಪ ದಾರದಲ್ಲಿ ಕಟ್ಟಿರುತ್ತಾರೆ. ಅದು ಸಾಗಾಟದಲ್ಲಿ ಸೀಳು ಬಾಗದಿರಲಿ ಎಂದು ಹಾಕಿದ್ದು; ಬ್ಲೇಡಿನ ತುದಿಯಿಂದ ಬಿಡಿಸಿ ತೆಗೆಯಿರಿ. ತೋಳಿನ ಮೇಲೆ ಹೊಲಿದ ಕಂಪನಿಯ ಚೀಟಿಯನ್ನೂ ತೆಗೆಯಿರಿ. ಎದೆಯ ಜೇಬಿನ ಹೊಲಿಗೆ ಮೆಲ್ಲಗೆ ಬಿಚ್ಚಿ, ಕೆಳಗಿನ ಎರಡು ಜೇಬುಗಳನ್ನು ಹಾಗೇ ಬಿಟ್ಟರೆ ಕೋಟು ಜೋಲು ಬೀಳುವುದಿಲ್ಲ.

ಉಣ್ಣೆಗೆ ನೇರ ಇಸ್ತ್ರಿ ಬೇಡ. ಹಳೆಯ ಬಿಳಿ ಪಂಚೆಯ ತುಂಡೊಂದನ್ನು ನೆನೆಸಿ, ಚೆನ್ನಾಗಿ ಹಿಂಡಿ, ಬಟ್ಟೆಯ ಮೇಲೆ ಹಾಸಿ ಅದರ ಮೇಲೆ ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ಎತ್ತಿ, ಒತ್ತಿ ಎತ್ತಿ. ಎಳೆದಾಡಿದರೆ ಬಟ್ಟೆ ಹಿಗ್ಗುತ್ತದೆ, ನೇರ ತಾಗಿಸಿದರೆ ಹೊಳೆಯುತ್ತದೆ, ಆ ಹೊಳಪು ಹೋಗುವುದು ಕಷ್ಟ. ಆವಿ ಆರುವ ತನಕ ತೂಗುಹಾಕಿಟ್ಟು ಆಮೇಲೆ ತೊಡಿ.

ಸಮಾರಂಭ ಮುಗಿಸಿ ಬಂದ ರಾತ್ರಿ ನೇರ ಬೀರುವಿಗೆ ಹಾಕಬೇಡಿ. ಅಗಲ ಭುಜದ ಮರದ ಹ್ಯಾಂಗರಿನಲ್ಲಿ ಒಂದು ದಿನ ಗಾಳಿಗೆ ಬಿಟ್ಟು, ಮೆದು ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ಕಲೆ ಬಿದ್ದಿದ್ದರೆ, ಬೆವರಿನ ವಾಸನೆ ಹೋಗದಿದ್ದರೆ ಮಾತ್ರ ಡ್ರೈಕ್ಲೀನ್. ಕೊಟ್ಟಾಗ ಕೋಟು ಪ್ಯಾಂಟು ಎರಡನ್ನೂ ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಬಣ್ಣ ಬೇರೆಯಾಗುತ್ತದೆ. ಅವರು ಹಾಕಿಕೊಡುವ ಪ್ಲಾಸ್ಟಿಕ್ ಚೀಲವನ್ನು ಮನೆಗೆ ಬಂದ ಕೂಡಲೇ ತೆಗೆದು ಹತ್ತಿಯ ಹೊದಿಕೆ ಹಾಕಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಆ ಪ್ಲಾಸ್ಟಿಕ್ಕಿನೊಳಗೆ ತೇವ ನಿಂತು ಕಾಲರಿನ ಒಳಮೈಗೆ ಬೂಸ್ಟು ಹಿಡಿಯುತ್ತದೆ. ಅಲ್ಲಿನವರು ಬಿಸಿಲು ಬೀಳುವ ದಿನಕ್ಕಾಗಿ ಕಾಯದೆ, ಹದಿನೈದು ದಿನಕ್ಕೊಮ್ಮೆ ಸೂಟನ್ನು ಹೊರತೆಗೆದು ಫ್ಯಾನಿನ ಕೆಳಗೆ ಒಂದು ಗಂಟೆ ತೂಗುಹಾಕಿ, ಜೇಬುಗಳನ್ನೂ ಹೊರಕ್ಕೆ ತಿರುಗಿಸಿ ಆರಿಸಿ.